ಮಳೆತೋಟ ಎಷ್ಟನೇ ನಿಮಿಷಕ್ಕೆ ಕೋಡಿ ಬೀಳುತ್ತದೆ?

ಕೇಳುಗರಿಗೆ ನಮಸ್ಕಾರ. ತಾರಸಿಯ ಮಳೆನೀರನ್ನು ಮೋರಿಗೆ ಬಿಡದೆ, ಅಂಗಳದ ತಗ್ಗುಪಾತಿಯಲ್ಲಿ ನಿಲ್ಲಿಸಿ ಗಿಡಗಳ ಬುಡದಲ್ಲೇ ಇಂಗಿಸುವುದು ಮಳೆತೋಟ. ಅದು ಎಷ್ಟು ನೀರು ಕುಡಿಯುತ್ತದೆ ಎಂದು ದಿನದ ಮಳೆ ಹಿಡಿದು ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ. ಬೆಂಗಳೂರಿನ ಮೇ ತಿಂಗಳ ಮಳೆ ದಿನವಿಡೀ ಜಿನುಗುವಂಥದ್ದಲ್ಲ. ಸಂಜೆ ಗುಡುಗಿ, ಗಂಟೆಯೊಳಗೆ ಸುರಿದು ಮುಗಿಯುವಂಥದ್ದು.

ಒಂದು ಮನೆಯನ್ನೇ ನೋಡೋಣ. ತಾರಸಿ 90 ಚದರ ಮೀಟರ್. ಪಾತಿ 10 ಚದರ ಮೀಟರ್, ಅಂಚು ನೇರ, ಕೋಡಿಯವರೆಗೆ 15 ಸೆಂಟಿಮೀಟರ್ ಆಳ. ಅಂದರೆ 1500 ಲೀಟರ್ ನಿಲ್ಲುತ್ತದೆ. ಮಣ್ಣು ಗಂಟೆಗೆ 25 ಮಿಲಿಮೀಟರ್ ಇಂಗಿಸುತ್ತದೆ ಎನ್ನೋಣ: 250 ಲೀಟರ್. ಗಂಟೆಯಲ್ಲಿ 25 ಮಿಲಿಮೀಟರ್ ಮಳೆ ಬಿತ್ತು. ತಾರಸಿಯಲ್ಲಿ ಹತ್ತನೇ ಒಂದು ಪಾಲು ಪೋಲಾದರೂ, ಪಾತಿಯ ಮೇಲೆ ಬಿದ್ದದ್ದೂ ಸೇರಿ 2275 ಲೀಟರ್ ಬಂತು. ಸುಮಾರು 45ನೇ ನಿಮಿಷಕ್ಕೆ ಪಾತಿ ತುಂಬಿ, ಮಳೆ ನಿಲ್ಲುವಷ್ಟರಲ್ಲಿ 525 ಲೀಟರ್ ಕೋಡಿ ಹರಿದಿರುತ್ತದೆ. ಇದೇ ಮಳೆಯನ್ನು 24 ಗಂಟೆಗೆ ಹಂಚಿ ನೋಡಿ: ಮಣ್ಣು 6000 ಲೀಟರ್ ಇಂಗಿಸಬಲ್ಲದು, ಕೋಡಿಯೇ ಇಲ್ಲ! ಕಾಗದದಲ್ಲಿ ಗೆದ್ದ ತೋಟ ಬೀದಿಗೆ ನೀರು ಬಿಡುವುದು ಹೀಗೆ.

ಆದ್ದರಿಂದ ಐದೈದು ನಿಮಿಷಕ್ಕೆ ಒಂದು ಸಾಲು ಬರೆಯಿರಿ: ಬಂದದ್ದು, ಇಂಗಿದ್ದು, ನಿಂತದ್ದು, ಕೋಡಿ ಹೋದದ್ದು. ನಿಂತದ್ದನ್ನು ಮುಂದಿನ ಸಾಲಿಗೆ ಒಯ್ಯಲೇಬೇಕು. ಸಂಜೆ ಐದಕ್ಕೆ ತುಂಬಿದ ಪಾತಿ ಖಾಲಿಯಾಗಲು ಆರು ತಾಸು ಬೇಕು; ಏಳಕ್ಕೆ ಮತ್ತೆ ಮಳೆ ಬಂದರೆ ಅದರಲ್ಲಿ 500 ಲೀಟರಿಗಷ್ಟೇ ಜಾಗ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಳೆನೀರಿನ ಹರಿವು ಲೆಕ್ಕ ಹಾಕುವ ಉಚಿತ ತಂತ್ರಾಂಶ ಎಸ್‌ಡಬ್ಲ್ಯೂಎಂಎಂ ಕೂಡ ಹೀಗೆಯೇ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ.

ಲೆಕ್ಕ ಕೆಡುವುದು ಹೆಚ್ಚಾಗಿ ಇಂಗುವ ವೇಗದಲ್ಲಿ. ಪಾತಿ ಮಾಡುವ ಜಾಗದಲ್ಲೇ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿಸಿ. ಒಣಮಣ್ಣು ಮೊದಲ ಸಲ ಗಟಗಟ ಕುಡಿದುಬಿಡುತ್ತದೆ, ಅದನ್ನು ನಂಬಬೇಡಿ. ಮತ್ತೆ ತುಂಬಿಸಿ, ಸ್ಕೇಲು ನೆಟ್ಟು, ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಗುಂಡಿಯ ಪಕ್ಕಗಳೂ ನೀರು ಹೀರುತ್ತವೆ, ಮುಂದೆ ಹೂಳೂ ಕೂರುತ್ತದೆ. ಹಾಗಾಗಿ 50 ಮಿಲಿಮೀಟರ್ ಬಂದರೆ 25 ಎಂದೇ ಹಿಡಿಯಿರಿ. ಮನೆ ಕಟ್ಟುವಾಗ ಲಾರಿ ಓಡಾಡಿದ, ಸಿಮೆಂಟ್ ಕಲಸಿದ ನೆಲವಾದರೆ ಮೊದಲು ಹಾರೆಯಿಂದ ಸಡಿಲಿಸಬೇಕು. ಗಂಟೆಗೆ ಒಂದೆರಡು ಮಿಲಿಮೀಟರ್ ಮಾತ್ರ ಇಳಿಯುವ ಜೇಡಿಮಣ್ಣಲ್ಲಿ ನೀರು ದಿನಗಟ್ಟಲೆ ನಿಂತು ಸೊಳ್ಳೆಯಾಗುತ್ತದೆ, ಅಲ್ಲಿ ಬೇಡ. ಮನೆಯ ಪಾಯದಿಂದ ಹತ್ತು ಅಡಿ ದೂರವಿರಲಿ.

ಕೋಡಿ ತಪ್ಪಿಸಲು ಪಾತಿಯನ್ನು 14 ಚದರ ಮೀಟರಿಗೆ ಹಿಗ್ಗಿಸಿದರೆ ಸಾಕು. ಜಾಗವಿಲ್ಲವೇ? ಕೋಡಿನೀರನ್ನು ಇಂಗುಬಾವಿಗೆ ತಿರುಗಿಸಿ. ಮಳೆಗಾಲದಲ್ಲಿ ಪಾತಿಯೊಳಗೊಂದು ಸ್ಕೇಲು ನಿಂತಿರಲಿ. ಆರು ತಾಸಿನಲ್ಲಿ ಖಾಲಿಯಾಗುತ್ತಿದ್ದದ್ದು ಹನ್ನೆರಡು ತಾಸಿಗೆ ಹೋಯಿತೆಂದರೆ ಮೇಲಿನ ಹೂಳು ಕೆರೆದು ತೆಗೆದು, ಮತ್ತೆ ಅಳೆಯಿರಿ.