ನಡುರಾತ್ರಿ ಹಿಡಿಯುವ ಮೀನಖಂಡ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ರೋಗಿಗಳನ್ನು ನೋಡಿದ ನನಗೆ ಒಂದು ಮಾತು ಬಾಯಿಪಾಠವಾಗಿ ಹೋಗಿದೆ. ‘ರಾತ್ರಿ ನರ ಹಿಡಿದುಬಿಟ್ಟಿತು ಡಾಕ್ಟರೇ, ಜೀವ ಹೋಗಿ ಬಂತು.’ ಹೇಳಿದವರು ಸೀರೆಯನ್ನೋ ಪಂಚೆಯನ್ನೋ ತುಸು ಮೇಲೆತ್ತಿ ಮೊಣಕಾಲಿನ ಕೆಳಗೆ, ಹಿಂಬದಿಯ ದಪ್ಪ ಮಾಂಸವನ್ನು ತೋರಿಸುತ್ತಾರೆ. ನಮ್ಮ ಭಾಷೆಯಲ್ಲಿ ನರ ಎಂಬ ಪದ ಬಹಳ ಉದಾರಿ. ರಕ್ತ ಹರಿಯುವುದೂ ನರ, ಮಿದುಳಿನ ಸುದ್ದಿ ಒಯ್ಯುವುದೂ ನರ, ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಹುರಿಯೂ ನರ. ಆದರೆ ಅವರು ಬೆರಳಿಟ್ಟು ತೋರಿಸುವ ಜಾಗದಲ್ಲಿ ಹಿಡಿದುಕೊಂಡಿರುವುದು ಈ ಮೂರರಲ್ಲಿ ಯಾವುದೂ ಅಲ್ಲ. ಅದು ಮೀನಖಂಡ. ಸೆಳೆತ ಬಂದಾಗ ಅದರ ಮೇಲೆ ಕೈಯಿಟ್ಟು ನೋಡಿದವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆ ಎಂದು ಗೊತ್ತು. ಚರ್ಮದ ಕೆಳಗೆ ಮೀನೊಂದು ಸೆಟೆದು ನಿಂತ ಹಾಗೆ ಇರುತ್ತದೆ.

ಹೆಸರಿನ ಬಗ್ಗೆ ಇಷ್ಟು ತಕರಾರು ಏಕೆ ಎಂದರೆ, ನರ ಎಂದುಕೊಂಡವರು ‘ನರಕ್ಕೆ ಬಲ ಬರುವ’ ಮಾತ್ರೆ ಕೇಳಿಕೊಂಡು ಔಷಧದ ಅಂಗಡಿಗೆ ಹೋಗುತ್ತಾರೆ. ಮುದುಡಿಕೊಂಡ ಮಾಂಸ ಎಂದು ತಿಳಿದವರು ಅದನ್ನು ಎಳೆದು ಬಿಡಿಸುತ್ತಾರೆ. ಎರಡನೆಯವರಿಗೆ ಖರ್ಚಿಲ್ಲ, ನೋವೂ ಬೇಗ ಇಳಿಯುತ್ತದೆ.

ನಮ್ಮ ಹಿಂದಿನವರು ಇದನ್ನು ಸರಿಯಾಗಿಯೇ ಗುರುತಿಸಿದ್ದರು. ಚರಕಸಂಹಿತೆ ಎಣಿಸುವ ಎಂಬತ್ತು ವಾತರೋಗಗಳಲ್ಲಿ ಪಿಂಡಿಕೋದ್ವೇಷ್ಟನ ಎಂಬುದೊಂದಿದೆ. ಪಿಂಡಿಕಾ ಎಂದರೆ ಮೀನಖಂಡ, ಉದ್ವೇಷ್ಟನ ಎಂದರೆ ಹಿಂಡಿ ಸುತ್ತಿಕೊಳ್ಳುವುದು. ಒದ್ದೆ ಬಟ್ಟೆ ಹಿಂಡುವುದನ್ನು ನೆನಪಿಸಿಕೊಳ್ಳಿ, ಅನುಭವ ಅದೇ.

ಇದು ರಾತ್ರಿಯೇ ಏಕೆ ಬರುತ್ತದೆ? ಮಲಗಿದಾಗ ನಮ್ಮ ಪಾದ ತಾನಾಗಿಯೇ ಮುಂದಕ್ಕೆ ಬಾಗುತ್ತದೆ, ಬೆರಳುಗಳು ಗೋಡೆಯ ಕಡೆ ಚಾಚಿಕೊಳ್ಳುತ್ತವೆ. ಮೇಲೆ ದಪ್ಪ ಕಂಬಳಿ ಇದ್ದರೆ, ಅದನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದ್ದರೆ, ಅದೂ ಪಾದವನ್ನು ಇನ್ನಷ್ಟು ಒತ್ತುತ್ತದೆ. ಈ ಭಂಗಿಯಲ್ಲಿ ಮೀನಖಂಡ ಆಗಲೇ ಕುಗ್ಗಿರುತ್ತದೆ. ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತ ಒಮ್ಮೆ ಕಾಲು ನೀಡಿದರೆ ಸಾಕು, ಕುಗ್ಗಿದ್ದು ಮತ್ತಷ್ಟು ಕುಗ್ಗುತ್ತದೆ. ಬೆನ್ನುಹುರಿಯಿಂದ ಆ ಸ್ನಾಯುವಿಗೆ ‘ಬಿಗಿ, ಬಿಗಿ’ ಎಂಬ ಅಪ್ಪಣೆ ಎಡೆಬಿಡದೆ ಹರಿಯತೊಡಗುತ್ತದೆ. ಮೈಮುರಿಯಲೆಂದು ಕಾಲು ಚಾಚಿದ ಕೂಡಲೇ ಹಿಡಿಯಿತು ಎಂದು ಎಷ್ಟೋ ಜನ ಹೇಳುವುದು ಇದೇ ಕಾರಣಕ್ಕೆ.

ಆ ಅಪ್ಪಣೆಯನ್ನು ನಿಲ್ಲಿಸುವ ಉಪಾಯವೂ ಕಾಲಿನಲ್ಲಿಯೇ ಇದೆ. ಸ್ನಾಯು ಮತ್ತು ಹುರಿ ಸೇರುವ ಕಡೆ ಎಳೆತವನ್ನು ಅಳೆಯುವ ಪುಟ್ಟ ಅಂಗಗಳಿವೆ. 1906ರಲ್ಲಿ ನೊಬೆಲ್ ಪಡೆದ ಇಟಲಿಯ ವಿಜ್ಞಾನಿ ಕಮಿಲ್ಲೊ ಗಾಲ್ಜಿ ಅವುಗಳನ್ನು ವರ್ಣಿಸಿದ್ದರಿಂದ ಇಂದಿಗೂ ಅವರ ಹೆಸರೇ ಇದೆ. ಹುರಿಯನ್ನು ಜೋರಾಗಿ ಎಳೆದರೆ ಈ ಅಂಗಗಳು ಬೆನ್ನುಹುರಿಗೆ ‘ಸಾಕು, ಬಿಡು’ ಎಂದು ಸುದ್ದಿ ಕಳಿಸುತ್ತವೆ. ಬಿಗಿ ಸಡಿಲವಾಗುತ್ತದೆ.

ರೇಡಿಯೊ ಪಕ್ಕದಲ್ಲಿ ಕುಳಿತವರು ಈಗಲೇ ಮಾಡಿ ನೋಡಿ. ಒಂದು ಕಾಲನ್ನು ಮುಂದಕ್ಕೆ ನೀಡಿ, ಮೊಣಕಾಲು ನೇರವಾಗಿರಲಿ. ಇನ್ನು ಕಾಲ್ಬೆರಳುಗಳನ್ನು ನಿಮ್ಮ ಮುಖದ ಕಡೆಗೆ ತಿರುಗಿಸಿ. ಹಿಂದುಗಡೆ ಮೀನಖಂಡ ಜಗ್ಗಿದ್ದು ಗೊತ್ತಾಯಿತೇ? ರಾತ್ರಿ ಸೆಳೆತ ಬಂದಾಗ ಮಾಡಬೇಕಾದದ್ದು ಇಷ್ಟೇ. ಹೊಟ್ಟೆ ಅಡ್ಡ ಬಂದು ಪಾದ ಕೈಗೆ ಸಿಗದವರು ಟವೆಲನ್ನೋ ಹಳೆಯ ಪಂಚೆಯನ್ನೋ ಅಂಗಾಲಿಗೆ ಸುತ್ತಿ, ಎರಡೂ ತುದಿ ಹಿಡಿದು ಎಳೆಯಬಹುದು. ನನ್ನ ದಿಂಬಿನ ಪಕ್ಕದಲ್ಲಿ ಅಂಥದೊಂದು ಟವೆಲು ಯಾವಾಗಲೂ ಇರುತ್ತದೆ, ಏಕೆಂದರೆ ಈ ಕಾಯಿಲೆ ವೈದ್ಯರೆಂದು ಯಾರನ್ನೂ ಬಿಟ್ಟಿಲ್ಲ. ನೋವಿನ ಭರದಲ್ಲಿ ಬೆರಳುಗಳನ್ನು ಕೆಳಕ್ಕೆ ಚಾಚಬೇಡಿ, ಅದು ಉರಿಯುವ ಒಲೆಗೆ ಸೌದೆ ಒಟ್ಟಿದಂತೆ. ಕತ್ತಲಲ್ಲಿ ಧಡಕ್ಕನೆ ಎದ್ದು ಕುಂಟುತ್ತ ಓಡಲೂಬೇಡಿ. ಸೆಳೆತದ ಗಾಬರಿಗೆ ಎದ್ದು, ಬಚ್ಚಲಿನ ಹೊಸಿಲಿಗೆ ಎಡವಿ, ಸೊಂಟದ ಎಲುಬು ಮುರಿದುಕೊಂಡವರನ್ನು ನಾನು ನೋಡಿದ್ದೇನೆ. ಬಿಗಿ ಬಿಟ್ಟ ಮೇಲೆ ಎಣ್ಣೆ ಸವರಿ ತಿಕ್ಕುವುದು, ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಡುವುದು ಎಲ್ಲವೂ ಹಿತವೇ. ಮರುದಿನವೂ ಅಲ್ಲಿ ಮುಟ್ಟಿದರೆ ನೋವು ಉಳಿದಿದ್ದರೆ ಹೆದರಬೇಕಾಗಿಲ್ಲ.

ಇನ್ನು ಮಾತ್ರೆಗಳ ವಿಷಯ. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ವರ್ಷಗಟ್ಟಲೆ ನಾನು ಈ ನೋವಿಗೆ ಕ್ಯಾಲ್ಸಿಯಂ ಮತ್ತು ಬಿ ಕಾಂಪ್ಲೆಕ್ಸ್ ಬರೆದುಕೊಟ್ಟೆ, ಬಹಳ ನಂಬಿಕೆಯಿಂದಲೇ ಬರೆದುಕೊಟ್ಟೆ. ಹದಿನೈದು ದಿನ ಬಿಟ್ಟು ಬಂದವರು ‘ಕಡಿಮೆಯಾಗಿದೆ ಡಾಕ್ಟರೇ’ ಎನ್ನುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ಆಮೇಲೆ ತಿಳಿಯಿತು, ಇದು ತಾನಾಗಿ ಬರುವ, ತಾನಾಗಿ ಹೋಗುವ ನೋವು. ಒಂದು ವಾರ ದಿನವೂ ಕಾಡುತ್ತದೆ, ಮತ್ತೆ ಒಂದು ತಿಂಗಳು ಸುದ್ದಿಯೇ ಇರುವುದಿಲ್ಲ. ಜನ ಔಷಧ ಹುಡುಕುವುದು ನೋವು ತುತ್ತತುದಿಯಲ್ಲಿದ್ದಾಗ. ಅಲ್ಲಿಂದ ಅದು ಇಳಿಯಲೇಬೇಕು. ಆಗ ಕೈಯಲ್ಲಿ ಯಾವುದಿತ್ತೋ, ಬಾಳೆಹಣ್ಣೋ, ಎಳನೀರೋ, ನನ್ನ ಮಾತ್ರೆಯೋ, ಹೆಸರು ಅದಕ್ಕೆ ಹೋಗುತ್ತದೆ. ಬಾಳೆಹಣ್ಣು ತಿನ್ನಬೇಡಿ ಎನ್ನುತ್ತಿಲ್ಲ, ಹಣ್ಣೆಂದು ತಿನ್ನಿ.

ಮೆಗ್ನೀಷಿಯಂ ಮಾತ್ರೆಯನ್ನು ಈಗ ಎಲ್ಲರೂ ಹೊಗಳುತ್ತಾರೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ವಯಸ್ಸಾದವರ ಸೆಳೆತಕ್ಕೆ ಇದರಿಂದ ಹೇಳಿಕೊಳ್ಳುವಂಥ ಲಾಭ ಇರಲಾರದು ಎಂದಿತು. ಬಸುರಿಯರಲ್ಲಿ ಫಲ ಒಂದೊಂದು ಕಡೆ ಒಂದೊಂದು ಥರ. ಆ ಕೊನೆಯ ತಿಂಗಳುಗಳಲ್ಲಿ ಸೆಳೆತ ಬಹಳ ಸಾಮಾನ್ಯ, ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಹೋಗುತ್ತದೆ. ಅವರು ಯಾವ ಮಾತ್ರೆಯನ್ನೂ ತಮ್ಮ ವೈದ್ಯರನ್ನು ಕೇಳದೆ ನುಂಗದಿರಲಿ.

ಕ್ವಿನೈನ್ ಕತೆ ಬೇರೆ. ಮಲೇರಿಯಾಕ್ಕೆಂದು ನೀಲಗಿರಿಯಲ್ಲಿ 1860ರ ದಶಕದಲ್ಲೇ ಸಿಂಕೋನಾ ಗಿಡ ನೆಡಲಾಗಿತ್ತು. ಅದರ ತೊಗಟೆಯ ಆ ಕಹಿ ಮದ್ದು ಕಾಲಿನ ಸೆಳೆತವನ್ನೂ ಸ್ವಲ್ಪ ತಗ್ಗಿಸುತ್ತದೆ, ಇದು ನಿಜ. ಆದರೆ ಕೆಲವರಲ್ಲಿ ಅದು ರಕ್ತದ ಪ್ಲೇಟ್‌ಲೆಟ್‌ಗಳನ್ನು ಪಾತಾಳಕ್ಕೆ ಇಳಿಸುತ್ತದೆ, ಹೃದಯದ ತಾಳ ತಪ್ಪಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1994ರಲ್ಲಿ ಸೆಳೆತಕ್ಕೆಂದು ಚೀಟಿಯಿಲ್ಲದೆ ಕ್ವಿನೈನ್ ಮಾರುವುದಕ್ಕೆ ತಡೆ ಹಾಕಿತು, 2006ರಲ್ಲಿ ಮತ್ತೆ ಎಚ್ಚರಿಸಿತು. ಕಾಲು ನೋವಿಗೆ ಪ್ರಾಣ ಪಣಕ್ಕಿಡುವ ಅಗತ್ಯ ಇಲ್ಲ.

ಒಂದು ತಮಾಷೆಯ ಪ್ರಯೋಗವೂ ನಡೆದಿದೆ. 2010ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತ ಯುವಕರ ಪಾದಕ್ಕೆ ವಿದ್ಯುತ್ ಮುಟ್ಟಿಸಿ ಸೆಳೆತ ಬರಿಸಿದರು, ಸೌತೆಕಾಯಿ ಉಪ್ಪಿನಕಾಯಿಯ ಹುಳಿನೀರು ಕುಡಿಸಿದರು. ಒಂದೂವರೆ ನಿಮಿಷದೊಳಗೆ ಸೆಳೆತ ಬಿಟ್ಟಿತು, ಬರಿಯ ನೀರು ಕುಡಿದಾಗ ಇನ್ನೂ ತಡವಾಯಿತು. ಅಷ್ಟು ಹೊತ್ತಿಗೆ ಅದು ರಕ್ತ ಸೇರುವುದು ಸಾಧ್ಯವಿಲ್ಲ, ಹುಳಿಯ ಚುರುಕು ಗಂಟಲಿನಿಂದಲೇ ಬೆನ್ನುಹುರಿಗೆ ಏನೋ ಹೇಳಿರಬೇಕು ಎಂದು ಅವರ ಊಹೆ. ಇದನ್ನು ಕೇಳಿ ನಮ್ಮ ಅಪ್ಪೆಮಿಡಿಯ ಜಾಡಿಗೆ ಯಾರೂ ನಡುರಾತ್ರಿ ಕೈ ಹಾಕಬೇಡಿ. ರಕ್ತದ ಒತ್ತಡ ಇರುವವರಿಗಂತೂ ಆ ಉಪ್ಪು ಬೇಡವೇ ಬೇಡ.

ನಾನು ಈಗ ಎಲ್ಲರಿಗೂ ಹೇಳುವುದು ಗೋಡೆಯ ಮದ್ದು. ಗೋಡೆಯಿಂದ ಎರಡು ಎರಡೂವರೆ ಅಡಿ ದೂರ ನಿಂತು ಎರಡೂ ಅಂಗೈ ಗೋಡೆಗೆ ಊರಿ. ಹಿಮ್ಮಡಿ ನೆಲ ಬಿಡಬಾರದು, ಮೊಣಕಾಲು ಬಾಗಬಾರದು. ಹಾಗೆಯೇ ಮುಂದಕ್ಕೆ ವಾಲಿ, ಮೀನಖಂಡ ಜಗ್ಗುವವರೆಗೆ. ಮನಸ್ಸಿನಲ್ಲೇ ಹತ್ತು ಎಣಿಸಿ, ಹಿಂದೆ ಬನ್ನಿ, ತುಸು ಸುಧಾರಿಸಿಕೊಂಡು ಮತ್ತೆ ಎರಡು ಸಲ. ಮಲಗುವ ಮುನ್ನ ಒಮ್ಮೆ ತಪ್ಪಿಸಬೇಡಿ. ಕುಳಿತು ಕಾಲು ನೀಡಿ, ತೊಡೆಯ ಹಿಂಭಾಗ ಜಗ್ಗುವಂತೆ ಮುಂದೆ ಬಾಗುವುದನ್ನೂ ಸೇರಿಸಿಕೊಂಡರೆ ಒಳ್ಳೆಯದು. ನೆದರ್‌ಲೆಂಡ್ಸ್‌ನಲ್ಲಿ 55 ವರ್ಷ ದಾಟಿದ 80 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಆರು ವಾರ ದಿನವೂ ರಾತ್ರಿ ಮಾಡಿದವರಿಗೆ ಸೆಳೆತಗಳ ಸಂಖ್ಯೆಯೂ ಕಡಿಮೆಯಾಯಿತು, ಜೋರೂ ಕಡಿಮೆಯಾಯಿತು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಕ್ವಿನೈನ್ ನುಂಗುತ್ತಿದ್ದವರಿಗೆ ವ್ಯಾಯಾಮ ಕಲಿಸಿ ನೋಡಿದಾಗ ಏನೂ ಲಾಭ ಕಂಡಿರಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಆದರೂ ಖರ್ಚಿಲ್ಲದ, ಅಪಾಯವಿಲ್ಲದ ಮದ್ದಿಗೆ ಆರು ವಾರ ಕೊಟ್ಟು ನೋಡುವುದರಲ್ಲಿ ನಷ್ಟವೇನು?

ಕುಕ್ಕರಗಾಲಿನಲ್ಲಿ ಕೂರುವ ರೂಢಿ ತಪ್ಪಿ ಕಮೋಡು, ಕುರ್ಚಿ, ಸೋಫಾ ಬಂದದ್ದರಿಂದ ಈ ನೋವು ಹೆಚ್ಚಿತು ಎಂದು ವಾದಿಸುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ದಿನವಿಡೀ ಗದ್ದೆಯಲ್ಲಿ ಬಾಗಿ ಸಸಿ ನೆಟ್ಟು ಬಂದ ಹೆಂಗಸರೂ ಅದೇ ನೋವನ್ನು ಹೇಳಿಕೊಂಡಿದ್ದಾರೆ, ಅವರ ಮನೆಯಲ್ಲಿ ಸೋಫಾ ಇರಲಿಲ್ಲ. ದಣಿದ ಸ್ನಾಯು, ಬೆವರಿನೊಡನೆ ಹೋದ ಉಪ್ಪು ನೀರು, ಇವೂ ಕಾರಣ. ಅಂಥ ದಿನ ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿದು ಮಲಗಿದರೆ ಸರಿ.

ಸೆಳೆತ ಹೊಸದಾಗಿ ಶುರುವಾಗಿದ್ದರೆ ಹಿಂದಿನ ತಿಂಗಳುಗಳಲ್ಲಿ ಯಾವ ಮಾತ್ರೆ ಹೊಸದಾಗಿ ಬಂತು ಎಂದು ನೆನಪಿಸಿಕೊಳ್ಳಿ. ಬಿ.ಪಿ.ಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ, ಉಬ್ಬಸಕ್ಕೆ ಸೇದುವ ಕೆಲವು ಔಷಧಗಳು, ಕೊಲೆಸ್ಟರಾಲ್ ಮಾತ್ರೆ, ಇವುಗಳ ಮೇಲೆ ಅನುಮಾನ ಇದೆ. ನೀವಾಗಿಯೇ ನಿಲ್ಲಿಸಬೇಡಿ, ಚೀಲ ಸಮೇತ ತಂದು ವೈದ್ಯರ ಮೇಜಿನ ಮೇಲೆ ಸುರಿಯಿರಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂತ್ರಪಿಂಡ, ಯಕೃತ್ತಿನ ತೊಂದರೆ ಇರುವವರಲ್ಲೂ ಇದು ಹೆಚ್ಚು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಬರಬೇಕು. ನಡೆದಾಗ ಹಿಡಿದು, ನಿಂತರೆ ಬಿಡುವ ಮೀನಖಂಡದ ನೋವು ರಕ್ತನಾಳ ಕಿರಿದಾದ ಸೂಚನೆ, ಬೀಡಿ ಸೇದುವವರು ಇದನ್ನು ಹಗುರವಾಗಿ ಕಾಣಬಾರದು. ನೋವಿಲ್ಲದೆ, ಕಾಲು ಅಲುಗಿಸುತ್ತಲೇ ಇರಬೇಕು ಎನ್ನಿಸಿದರೆ ಅದು ಬೇರೆ ಕಾಯಿಲೆ, ರಕ್ತದ ಕಬ್ಬಿಣಾಂಶ ಪರೀಕ್ಷಿಸಬೇಕಾಗುತ್ತದೆ.

ಗೋಡೆಯ ಮದ್ದು ಹೇಳಿದಾಗ ಎಪ್ಪತ್ತು ದಾಟಿದ ಒಬ್ಬ ಅಮ್ಮ ನನ್ನನ್ನು ಅಪನಂಬಿಕೆಯಿಂದ ನೋಡಿದ್ದರು. ಮಾತ್ರೆಯೇ ಇಲ್ಲವೇ ಎಂದು ಎರಡು ಸಲ ಕೇಳಿದರು. ಮಳೆಗಾಲ ಕಳೆದು ಮತ್ತೆ ಬಂದರು. ನೋವು ಪೂರ್ತಿ ಹೋಗಿರಲಿಲ್ಲ, ತಿಂಗಳಲ್ಲಿ ಎರಡು ಸಲ ಬಂದಿತ್ತಂತೆ. ‘ಬಂದರೆ ಬರಲಿ ಡಾಕ್ಟರೇ, ಈಗ ಅದರ ಜುಟ್ಟು ನನ್ನ ಕೈಯಲ್ಲಿದೆ’ ಎಂದು ಕಾಲಿನ ಹೆಬ್ಬೆರಳು ಹಿಡಿದು ಎಳೆದು ತೋರಿಸಿದರು. ಆಮೇಲೆ ಬಾಗಿಲವರೆಗೆ ಹೋಗಿ, ತಿರುಗಿ ನಿಂತು ಕೇಳಿದರು: ‘ಗೋಡೆ ನಮ್ಮದು ಮಣ್ಣಿನದು, ಹಳೆಯದು. ಕೊಟ್ಟಿಗೆಯ ಕಂಬ ಆದೀತೇ?’

ಆದೀತು ಎಂದೆ. ನಮಸ್ಕಾರ.