ಗುಲ್‌ಮೊಹರ್ ಮೇಲೆ ಸುಮ್ನೆ ಅನುಮಾನ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಮುಂದೆ ಒಂದು ಗುಲ್‌ಮೊಹರ್ ಮರ ಇದೆ. ಏಪ್ರಿಲ್ ಕೊನೆ ಬಂತೆಂದರೆ ಮರವೆಲ್ಲ ಕೆಂಪು. ಅದೇ ಹೊತ್ತಿಗೆ ನನ್ನ ಮೂಗೂ ಕೆಂಪು. ಬೆಳಿಗ್ಗೆ ಒಂಬತ್ತೂವರೆಗೆ ಶುರುವಾದರೆ ಒಂದೇ ಸಮನೆ ಹತ್ತು, ಹದಿನೈದು ಸೀನು. ಪಕ್ಕದ ಮನೆ ರಾಯರು ಕಾಂಪೌಂಡಿನ ಆಚೆ ನಿಂತು ಎಣಿಸುತ್ತಾರೆ. ಹೋದ ವರ್ಷ ಒಂದು ದಿನ, "ಮೇಷ್ಟ್ರೇ, ಸುಮ್ನೆ ಆ ಮರ ಕಡಿಸಿಬಿಡಿ. ನಿಮ್ಮ ಸೀನಿಗೆ ಅದೇ ಮೂಲ" ಅಂದರು.

ರಾಯರದು ತಪ್ಪು ಅನ್ನಲಾರೆ. ಕಣ್ಣಿಗೆ ಹೊಡೆಯುವ ಹೂವಿನ ಮೇಲೇ ಅಲ್ವಾ ನಮಗೆ ಅನುಮಾನ? ಆದರೆ ಅಷ್ಟು ಬಣ್ಣ ಹೊತ್ತ ಹೂವು ಕರೆಯುವುದು ಚಿಟ್ಟೆ, ಜೇನು, ಹಕ್ಕಿಗಳನ್ನು. ಅಂಥ ಹೂವಿನ ಪರಾಗ ಅಂಟಂಟು, ಭಾರ. ಗಾಳಿಯಲ್ಲಿ ದೂರ ಹೋಗುವುದಿಲ್ಲ. ನಮ್ಮ ಮೂಗಿಗೆ ನುಗ್ಗುವುದು ಗಾಳಿಯನ್ನೇ ನಂಬಿಕೊಂಡ ಗಿಡಗಳ ಪರಾಗ. ಹುಲ್ಲು, ಸರ್ವೆ ಮರ, ಹರಳು ಗಿಡ, ಬೇಲಿ ಪಕ್ಕದ ಮುಳ್ಳುಕೀರೆ. ಇವುಗಳ ಹೂವನ್ನು ಯಾರೂ ಮುಡಿಯುವುದಿಲ್ಲ, ದೇವರಿಗೆ ಏರಿಸುವುದಿಲ್ಲ. ಹೂ ಬಿಟ್ಟಿದೆ ಅಂತ ಗೊತ್ತಾಗುವುದೂ ಇಲ್ಲ. ಇವುಗಳ ಜೊತೆಗೆ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡದ್ದು, ಈಗ ನಮ್ಮ ಪ್ರತಿಯೊಂದು ಖಾಲಿ ಸೈಟಿಗೂ ಅದೇ ಯಜಮಾನ.

ಸರಿ, ಒಂಬತ್ತೂವರೆಯೇ ಯಾಕೆ? ರಾತ್ರಿಯ ತೇವಕ್ಕೆ ಪರಾಗದ ಚೀಲ ಮುಚ್ಚಿಕೊಂಡಿರುತ್ತದೆ. ಬಿಸಿಲು ಏರಿದ ಹಾಗೆ ಅದು ಒಣಗಿ ಬಿರಿಯುತ್ತದೆ. ಅಷ್ಟರಲ್ಲಿ ಗಾಳಿಯೂ ಎದ್ದಿರುತ್ತದೆ. ಮಧ್ಯಾಹ್ನ ಕಾದ ಗಾಳಿ ಮೇಲಕ್ಕೆ ಹೋಗುವಾಗ ಪರಾಗವನ್ನೂ ಹೊತ್ತೊಯ್ಯುತ್ತದೆ. ಸಂಜೆ ತಂಪಾದ ಮೇಲೆ ಅದು ಮತ್ತೆ ಕೆಳಗಿಳಿಯುತ್ತದೆ. ನಾನೋ, ಬೆಳಿಗ್ಗೆ ಒಗೆದ ಹೊದಿಕೆಯನ್ನು ತಾರಸಿ ಮೇಲೆ ಹರವಿ, ಸಂಜೆ ತಂದು ಹೊದ್ದು ಮಲಗುತ್ತಿದ್ದೆ. ದಿನವಿಡೀ ಗಾಳಿ ಸೋಸಿದ ಬಟ್ಟೆಯಲ್ಲಿ ಮೂಗು ಹುದುಗಿಸಿ, ಕಿಟಕಿ ಹಾಕಿದ್ದರೂ ಸೀನು ಯಾಕೆ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆ! ನಮ್ಮಮ್ಮ ಸಬ್ಬಕ್ಕಿ ಸಂಡಿಗೆ ಮೇಲೆ ತೆಳು ಪಂಚೆ ಮುಚ್ಚುತ್ತಿದ್ದರು. ಅಷ್ಟು ಬುದ್ಧಿ ನನಗೆ ಬರಲು ವರ್ಷಗಳೇ ಬೇಕಾದವು. ಈಗ ಹೊದಿಕೆ ಒಣಗುವುದು ಒಳಗಿನ ಹಾಲಿನಲ್ಲಿ.

ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ ಅಂತ ನಂಬಿದ್ದೆ. ಜಿಟಿಜಿಟಿ ಮಳೆಗೆ ಈ ಮಾತು ನಿಜ. ಗುಡುಗಿನ ಮಳೆಯ ಕಥೆ ಬೇರೆ.

2016ರ ನವೆಂಬರ್ 21. ಆಸ್ಟ್ರೇಲಿಯಾದ ಮೆಲ್ಬರ್ನ್. ಅಲ್ಲಿ ಆಗ ಬೇಸಿಗೆಯ ಹೊಸ್ತಿಲು. ಅಂದು ಬಿಸಿಲು ಸುಮಾರು 35 ಡಿಗ್ರಿ. ಊರಾಚೆಯ ಬಯಲಿನಲ್ಲಿ ರೈ ಹುಲ್ಲು ಹೂ ಬಿಟ್ಟಿತ್ತು. ಸಂಜೆ ಗುಡುಗು ಶುರುವಾಯಿತು. ಇಂಥ ಮೋಡ ಪರಾಗದ ಕಾಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಾಳು ನೀರು ಕುಡಿದು, ಉಬ್ಬಿ, ಒಡೆಯುತ್ತದೆ. ಇಡೀ ಕಾಳಾದರೆ ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ, ಸೀನಿ ಹೊರಹಾಕಬಹುದು. ಚೂರುಗಳು ಹಾಗಲ್ಲ, ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಳೆಗೆ ಮುಂಚೆ ಬೀಸುವ ತಣ್ಣನೆ ಗಾಳಿ ಅವನ್ನು ತಂದು ಊರ ಮೇಲೆ ಸುರಿಯಿತು. ಸಾವಿರಾರು ಜನ ಏದುಸಿರು ಬಿಡುತ್ತಾ ಆಸ್ಪತ್ರೆಗೆ ಓಡಿದರು. ಹತ್ತು ಜನ ತೀರಿಕೊಂಡರು. ಎಷ್ಟೋ ಜನರಿಗೆ ಅಲ್ಲಿಯವರೆಗೆ ಬರೀ ಸೀನು ಇತ್ತು, ಆಸ್ತಮಾ ಅಂತ ಯಾರೂ ಹೇಳಿರಲಿಲ್ಲ. ನರಳಿದವರಲ್ಲಿ ಭಾರತ ಮೂಲದವರೂ ಜಾಸ್ತಿಯೇ ಇದ್ದರು. 2017ರಿಂದ ಅಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇದಕ್ಕೆಂದೇ ಮುನ್ಸೂಚನೆ ಕೊಡುತ್ತಾರೆ. ಮೆಲ್ಬರ್ನಿನಲ್ಲಿ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಫೋನಿನಲ್ಲಿ ಒಂದು ಮಾತು ಕೇಳಿ.

ನಾವಾದರೆ ಧಗೆಯಲ್ಲಿ ಬೆಂದು, ಮಳೆಗಾಳಿ ಬಂತು ಅಂದ ತಕ್ಷಣ ಜಗುಲಿಗೆ ಬಂದು ನಿಲ್ಲುತ್ತೇವೆ. ಉಬ್ಬಸ ಇರುವವರು ಆ ಅರ್ಧ ಗಂಟೆ ಕಿಟಕಿ ಹಾಕಿಕೊಂಡು ಒಳಗಿರುವುದು ಒಳ್ಳೆಯದು. ಡಾಕ್ಟರು ಕೊಟ್ಟ ಇನ್ಹೇಲರ್ ಕೈಗೆ ಸಿಗುವಂತಿರಲಿ, ಬೀರುವಿನ ಸೀರೆ ಅಡಿಯಲ್ಲಿ ಅಲ್ಲ. ಹವಾಮಾನ ವರದಿಯಲ್ಲಿ "ಗುಡುಗು ಸಹಿತ ಮಳೆ" ಅಂತ ಬರುತ್ತದಲ್ಲ, ನಾನು ಅದನ್ನು ನನ್ನ ಮೂಗಿಗೆ ಕೊಟ್ಟ ಸೂಚನೆ ಅಂತಲೇ ಕೇಳುತ್ತೇನೆ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಆ ಬೆಳೆಯಲ್ಲಿ ಕಾಂಗ್ರೆಸ್ ಗಿಡವೂ ಸೇರಿದೆ. ಈ ಸಲ ಭರಣಿ ಸುರಿದು ತಿಂಗಳಾಗುವ ಹೊತ್ತಿಗೆ ಎದುರಿನ ಸೈಟಿನಲ್ಲಿ ಮೊಣಕಾಲುದ್ದ ಬಂದಿತ್ತು. ಹೂ ಬಲಿಯುವ ಮೊದಲೇ ಕೀಳೋಣ ಅಂತ ರಾಯರನ್ನೂ ಕರೆದೆ. ಕೈಗವಸು, ಮಾಸ್ಕ್ ಹಾಕಿಕೊಂಡು ಇಬ್ಬರೂ ಇಳಿದೆವು. ಬರಿಗೈಯಲ್ಲಿ ಮುಟ್ಟಿದರೆ ಕೆಲವರಿಗೆ ತುರಿಕೆ ಬರುತ್ತದೆ. ರಾಯರು ಒಂದು ಗಿಡ ಎತ್ತಿ ಹಿಡಿದು, "ಇದರಲ್ಲಿ ಹೂ ಎಲ್ಲಿದೆ ಮೇಷ್ಟ್ರೇ?" ಅಂದರು. ತುದಿಯಲ್ಲಿ ಸಬ್ಬಕ್ಕಿಯಷ್ಟು ಬೆಳ್ಳಗಿದ್ದುದನ್ನು ತೋರಿಸಿದೆ. ಅವರು ಮಾಸ್ಕ್ ಕೆಳಗಿಳಿಸಿ, ಕನ್ನಡಕ ಏರಿಸಿ, ಗಿಡವನ್ನು ಮೂಗಿನ ಹತ್ತಿರಕ್ಕೆ ತಂದರು.

ಆ ದಿನ ಸೀನು ಎಣಿಸುವ ಸರದಿ ನನ್ನದಾಯಿತು. ನಮಸ್ಕಾರ.