ನಕ್ಷತ್ರದ ಹೊಟ್ಟೆಯೊಳಗಿನ ಕಡಗೋಲು

ಸ್ನೇಹಿತರೇ, ಹಾಸನದ ಸಭೆಯಲ್ಲಿ ನಿಂತು ಕಕ್ಷೆ ಎಂದರೇನು ಎಂದು ವಿವರಿಸಲು ಹೊರಟರೆ ನೀವು ನಕ್ಕೀರಿ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ಎಂಸಿಎಫ್, 1982ರಿಂದಲೂ ಇದೆ. ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಕಾಯುವವರು ಇಲ್ಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದರೂ ಇದ್ದಾರು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ: ಗ್ರಹವೊಂದು ತನ್ನ ನಕ್ಷತ್ರದ ಹೊಟ್ಟೆಯೊಳಗೆ ಹೊಕ್ಕರೆ ಆ ನಕ್ಷತ್ರಕ್ಕೆ ಏನಾಗುತ್ತದೆ?

ಗುರುಗ್ರಹದ ದ್ರವ್ಯರಾಶಿ ಸೂರ್ಯನ ಸಾವಿರದಲ್ಲೊಂದು ಪಾಲು. ಇಷ್ಟು ಸಣ್ಣದು ನಕ್ಷತ್ರದ ಬಾಳನ್ನು ಹೇಗೆ ಬದಲಿಸೀತು? ತೂಕದ ಲೆಕ್ಕ ಬಿಡಿ, ತಿರುಗಾಟದ ಲೆಕ್ಕ ಹಿಡಿಯಿರಿ. ಸೌರಮಂಡಲದ ಕೋನೀಯ ಸಂವೇಗದಲ್ಲಿ, ಅಂದರೆ ತಿರುಗಾಟದ ಒಟ್ಟು ಮೊತ್ತದಲ್ಲಿ, ಅರ್ಧಕ್ಕಿಂತ ಹೆಚ್ಚು ಗುರುವೊಬ್ಬನ ಬಳಿಯೇ ಇದೆ. ಸೂರ್ಯ ಈ ವಿಷಯದಲ್ಲಿ ಬಡವ.

ಈ ತಿರುಗಾಟ ಒಬ್ಬರಿಂದ ಒಬ್ಬರಿಗೆ ದಾಟಬಲ್ಲದು. ಭೂಮಿ ತನ್ನ ಸುತ್ತ ತಿರುಗುವ ವೇಗಕ್ಕೆ ಹೋಲಿಸಿದರೆ ಚಂದ್ರನ ಪ್ರದಕ್ಷಿಣೆ ನಿಧಾನ. ಅದರಿಂದಲೇ ಉಬ್ಬರದ ಸೆಳೆತ ಅವನನ್ನು ಮುಂದಕ್ಕೆ ತಳ್ಳುತ್ತದೆ, ಅವನು ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಾನೆ. ಮುಪ್ಪಿಗೆ ಬಂದು ಉಬ್ಬಿದ ಕೆಂಪು ದೈತ್ಯ ನಕ್ಷತ್ರದಲ್ಲಿ ಇದು ತಿರುವುಮುರುವು. ಅದು ತಿರುಗುವುದು ಬಲು ನಿಧಾನ, ಹತ್ತಿರದ ಗ್ರಹ ಸುತ್ತುವುದು ವೇಗವಾಗಿ. ಸೆಳೆತ ಗ್ರಹವನ್ನು ಹಿಂದಕ್ಕೆ ಎಳೆಯುತ್ತದೆ. ಗ್ರಹ ಸುತ್ತುತ್ತ ಸುತ್ತುತ್ತ ಒಳಗಿಳಿಯುತ್ತದೆ, ನಕ್ಷತ್ರಕ್ಕೆ ತಿರುಗುವ ಕಸುವು ಸಿಗುತ್ತದೆ.

ಒಳಹೊಕ್ಕ ಮೇಲೆ ಆಗುವುದು ನಮ್ಮ ಅಜ್ಜಿಯರ ಮೊಸರಿನ ಗಡಿಗೆಯ ಕಥೆ. ಕಡಗೋಲು ಚಿಕ್ಕದೇ, ಆದರೆ ಗಡಿಗೆಯಲ್ಲಿರುವುದೆಲ್ಲವೂ ಅದರೊಡನೆ ತಿರುಗುತ್ತದೆ. ಗ್ರಹ ಸಣ್ಣದಾದರೆ ಕರಗಿಹೋಗುತ್ತದೆ; ವಯಸ್ಸಿಗೆ ಮೀರಿದ ವೇಗದಲ್ಲಿ ತಿರುಗುವ ಮುದಿ ನಕ್ಷತ್ರ ಮಾತ್ರ ಉಳಿಯುತ್ತದೆ. ಗುರುವಿನ 13ರಿಂದ 80 ಪಟ್ಟು ತೂಗುವ ಕಂದು ಕುಬ್ಜ, ಅಂದರೆ ಗ್ರಹಕ್ಕಿಂತ ದೊಡ್ಡದಾದರೂ ನಕ್ಷತ್ರವಾಗಲಾರದ ಕಾಯ, ಹೊಕ್ಕರೆ ಮೊಸರು ಗಡಿಗೆಯಿಂದಾಚೆ ಚೆಲ್ಲಬಹುದು, ಅಂದರೆ ನಕ್ಷತ್ರದ ಹೊರಹೊದಿಕೆಯೇ ಹಾರಿಹೋಗಬಹುದು.

ಊಹೆಯ ಮಾತಲ್ಲ ಇದು. ಹೊದಿಕೆ ಕಳೆದುಕೊಂಡ ಮುದಿ ನಕ್ಷತ್ರದ ಉಳಿದ ತಿರುಳೇ ಶ್ವೇತ ಕುಬ್ಜ. ಡಬ್ಲ್ಯುಡಿ 0137-349 ಎಂಬ ಶ್ವೇತ ಕುಬ್ಜವನ್ನು ಗುರುವಿನ 53 ಪಟ್ಟು ತೂಗುವ ಕಂದು ಕುಬ್ಜವೊಂದು 116 ನಿಮಿಷಕ್ಕೊಮ್ಮೆ ಸುತ್ತುತ್ತಿದೆ. ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತು! 2006ರಲ್ಲಿ ಪ್ರಕಟವಾದ ಈ ಶೋಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಅಂಕಿ: ಆ ಶ್ವೇತ ಕುಬ್ಜ ತೂಕದಲ್ಲಿ ಸೂರ್ಯನ 0.39 ಪಾಲು ಮಾತ್ರ. ಒಂಟಿ ನಕ್ಷತ್ರ ಅಷ್ಟು ಹಗುರವಾದ ಶ್ವೇತ ಕುಬ್ಜವಾಗಬೇಕಾದರೆ ವಿಶ್ವದ 1380 ಕೋಟಿ ವರ್ಷವೂ ಸಾಲದು. ಹಾಗಾದರೆ ಇಲ್ಲಿ ನಕ್ಷತ್ರದ ತಿರುಳಿನ ಹೀಲಿಯಂ ಹೊತ್ತಿಕೊಳ್ಳುವ ಮೊದಲೇ ಹೊದಿಕೆ ಕಳಚಿತು. ಅದನ್ನು ಕಳಚಿಹಾಕಿದ ಸಂಗಾತಿ, ಆ ಕಂದು ಕುಬ್ಜ, ಬದುಕುಳಿದು ಪಕ್ಕದಲ್ಲೇ ಸುತ್ತುತ್ತಿದೆ.

ನುಂಗುವ ಗಳಿಗೆಯನ್ನೂ ಕಂಡದ್ದಾಗಿದೆ. 2020ರಲ್ಲಿ ಗರುಡ ನಕ್ಷತ್ರಪುಂಜದಲ್ಲಿ, ಸುಮಾರು 12,000 ಜ್ಯೋತಿರ್ವರ್ಷ ದೂರದಲ್ಲಿ, ಒಂದು ನಕ್ಷತ್ರ ಮಿನುಗಿ ಮಂಕಾಯಿತು. ನಕ್ಷತ್ರ ಉಬ್ಬಿ ಗ್ರಹವನ್ನು ನುಂಗಿತು ಎಂದು 2023ರಲ್ಲಿ ಬರೆದರು. ಬಾಹ್ಯಾಕಾಶದಲ್ಲಿರುವ ವೆಬ್ ದೂರದರ್ಶಕದಿಂದ ಅಳೆದವರು 2025ರಲ್ಲಿ, ಅದು ಅಷ್ಟೇನೂ ಉಬ್ಬಿರಲಿಲ್ಲ, ಗ್ರಹವೇ ಒಳಗಿಳಿದು ಬಿತ್ತು ಎಂದರು.

ನಮ್ಮ ಸೂರ್ಯನಿಗೆ ಇನ್ನೂ ಸುಮಾರು 500 ಕೋಟಿ ವರ್ಷವಿದೆ. ಅವನು ಬುಧ, ಶುಕ್ರರನ್ನು ನುಂಗುತ್ತಾನೆ. ಭೂಮಿಯ ಬಗ್ಗೆ ಲೆಕ್ಕ ಹಾಕುವವರಲ್ಲೇ ಒಮ್ಮತವಿಲ್ಲ. ಗುರು ದೂರವಿರುವುದರಿಂದ ಕಡಗೋಲಾಗಲಾರ. ಮಹಡಿಯ ಮೇಲೆ ದೂರದರ್ಶಕ ಸಜ್ಜಾಗಿದೆ, ಮೋಡ ಸರಿದರೆ ಅವನನ್ನೇ ನೋಡೋಣ. ಅಷ್ಟರಲ್ಲಿ ಪ್ರಶ್ನೆಗಳಿದ್ದರೆ ಕೇಳಿ.